ಕೊರಿಯಾದ ಅಜ್ಜಿಕಥೆಗಳನ್ನು ನಮ್ಮ ಮಕ್ಕಳಿಗೆ ಹೇಳುವಾಗ ಎಷ್ಟು ಬದಲಾಯಿಸಬಹುದು?

ಮದ್ದೂರು ಟೀಚರ್

ಎಲ್ಲರಿಗೂ ನಮಸ್ಕಾರ. ಮದ್ದೂರು ಹತ್ತಿರ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ದಸರಾ ರಜೆಯಲ್ಲಿ ಪಂಚಾಯ್ತಿ ಲೈಬ್ರರಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕಥೆ ಹೇಳಲು ಒಪ್ಪಿಕೊಂಡಿದ್ದೇನೆ. ಬರುವವರು ಎಂಟು, ಒಂಬತ್ತನೇ ಕ್ಲಾಸಿನವರು, ಅವರ ಹಿಂದೆ ಹಿಂದೆ ಬರುವ ತಮ್ಮ ತಂಗಿಯರು, ಆಮೇಲೆ ಕಂಬಕ್ಕೆ ಒರಗಿ ಕೂತು ಕೇಳುವ ಒಂದಿಬ್ಬರು ಅಜ್ಜಿಯರು. ಯಾವ ಕಥೆ ಬೇಕು ಅಂತ ಕೇಳಿದರೆ ಹುಡುಗಿಯರೆಲ್ಲ ಒಟ್ಟಿಗೆ "ಕೊರಿಯಾದ್ದು ಮಿಸ್" ಅಂದರು. ಬಿಟಿಎಸ್‌ನ (ಅಲ್ಲಿನ ಪಾಪ್ ಹಾಡಿನ ತಂಡ) ಏಳೂ ಹುಡುಗರ ಹೆಸರು ಬಾಯಿಪಾಠ, ಸೀರಿಯಲ್ಲಿನ ಒಂಬತ್ತು ಬಾಲದ ನರಿ ಗೊತ್ತು, ಆದರೆ ಆ ನರಿ ಹುಟ್ಟಿದ ಹಳೇ ಕಥೆ ಒಂದೂ ಗೊತ್ತಿಲ್ಲ. ಸರಿ, ಅದನ್ನೇ ಹೇಳೋಣ ಅಂತ ಸಿಕ್ಕಿದ್ದನ್ನೆಲ್ಲ ಓದುತ್ತಾ ಕೂತೆ.

ಓದಿದ ಮೇಲೆ ತಲೆಬಿಸಿ ಶುರುವಾಯಿತು.

ಅಣ್ಣ ತಂಗಿ ಸೂರ್ಯ ಚಂದ್ರ ಆದ ಕಥೆ ತಗೊಳ್ಳಿ. ತಾಯಿ ಯಾರದೋ ಮನೆಯಲ್ಲಿ ಹಬ್ಬದ ಕೆಲಸ ಮುಗಿಸಿ, ಕೂಲಿಗೆ ಕೊಟ್ಟ ಅಕ್ಕಿ ಕಡುಬು ಹೊತ್ತು ಗುಡ್ಡ ಹತ್ತಿ ಇಳಿದು ಮನೆಗೆ ಬರುತ್ತಿರುತ್ತಾಳೆ. ಪ್ರತಿ ಗುಡ್ಡದಲ್ಲೂ ಹುಲಿ ಅಡ್ಡ ಬಂದು "ಒಂದು ಕಡುಬು ಕೊಟ್ಟರೆ ತಿನ್ನುವುದಿಲ್ಲ" ಅನ್ನುತ್ತದೆ. ಕಡುಬು ಮುಗಿದ ಮೇಲೆ ಅವಳನ್ನೇ ತಿಂದು, ಅವಳ ಬಟ್ಟೆ ಉಟ್ಟುಕೊಂಡು ಮಕ್ಕಳಿರುವ ಮನೆ ಬಾಗಿಲು ತಟ್ಟುತ್ತದೆ. ಕೆಲವು ಕಡೆ ಹುಲಿ ಮೊದಲು ಕೈ ಕೇಳುತ್ತದೆ, ಆಮೇಲೆ ಕಾಲು ಕೇಳುತ್ತದೆ. ಇದನ್ನು ಐದು ವರ್ಷದ ಮಗುವಿನ ಎದುರು ಹೇಗೆ ಹೇಳಲಿ?

ಇನ್ನೊಂದು ಶಿಮ್ ಚಂಗ್ ಅನ್ನುವ ಹುಡುಗಿಯದು. ಕುರುಡು ಅಪ್ಪ. ದೇವಸ್ಥಾನಕ್ಕೆ 300 ಮೂಟೆ ಅಕ್ಕಿ ಕೊಟ್ಟರೆ ಕಣ್ಣು ಬರುತ್ತದೆ ಅಂತ ಒಬ್ಬ ಸನ್ಯಾಸಿ ಹೇಳುತ್ತಾನೆ. ಅಪ್ಪ ಹಿಂದೆ ಮುಂದೆ ನೋಡದೆ ಒಪ್ಪಿಕೊಳ್ಳುತ್ತಾನೆ. ಮಗಳು ಸಮುದ್ರಕ್ಕೆ ಬಲಿ ಕೊಡಲು ಹುಡುಗಿ ಹುಡುಕುತ್ತಿದ್ದ ನಾವಿಕರಿಗೆ ತನ್ನನ್ನು ತಾನೇ ಮಾರಿಕೊಂಡು ಆ ಅಕ್ಕಿ ಕೊಡಿಸುತ್ತಾಳೆ. ಕೊನೆಗೆ ತಾವರೆಯಲ್ಲಿ ಮೇಲೆ ಬಂದು ರಾಣಿ ಆಗುತ್ತಾಳೆ, ಅದು ಬೇರೆ ಮಾತು. ಆದರೆ ಅಪ್ಪನಿಗಾಗಿ ಪ್ರಾಣ ಕೊಡುವ ಮಗಳೇ ಒಳ್ಳೆ ಮಗಳು ಅಂತ ನಾನು ನಿಂತು ಹೇಳಬೇಕಾ?

ಮೂರನೆಯದು ಸೌದೆ ಕಡಿಯುವವನು ಮತ್ತು ದೇವಲೋಕದ ಹುಡುಗಿ. ಬೇಟೆಗಾರನಿಂದ ಜಿಂಕೆಯನ್ನು ಉಳಿಸಿದ್ದಕ್ಕೆ ಜಿಂಕೆ ಅವನಿಗೆ ಹೇಳಿಕೊಡುವ ಉಪಾಯ ಏನು ಗೊತ್ತಾ? ಕೊಳದಲ್ಲಿ ಸ್ನಾನ ಮಾಡುವ ದೇವಕನ್ಯೆಯ ಬಟ್ಟೆ ಕದ್ದು ಬಚ್ಚಿಡು, ಅವಳು ಹಾರಿ ಹೋಗಲಾಗದೆ ನಿನ್ನನ್ನು ಮದುವೆ ಆಗುತ್ತಾಳೆ ಅಂತ. ನನ್ನ ಕ್ಲಾಸಿನ ಹುಡುಗಿಯರಿಗೆ ಇದನ್ನು ಪ್ರೇಮಕಥೆ ಅಂತ ಹೇಳಿದರೆ ಅವರೇ ನನ್ನನ್ನು ಕ್ಲಾಸು ತಗೊಳ್ಳುತ್ತಾರೆ.

ಹಾಗಾಗಿ ಕೇಳುತ್ತಿದ್ದೇನೆ. ಕ್ರೂರ ಇರುವುದನ್ನು ಕತ್ತರಿಸಲಾ? ಕೊನೆ ಬದಲಾಯಿಸಲಾ? ಮೊಬೈಲು, ಬಸ್ಸು ಎಲ್ಲ ಸೇರಿಸಿ ಈಗಿನ ಕಾಲದ ಕಥೆ ಮಾಡಲಾ? ಹುಲಿಯನ್ನು ಮಾದಪ್ಪನ ಬೆಟ್ಟಕ್ಕೇ ತಂದುಬಿಟ್ಟರೆ ಹೇಗೆ ಅಂತಲೂ ಒಂದು ಯೋಚನೆ ಬಂತು. ಮಕ್ಕಳಿಗೆ ಕಥೆ ಹೇಳಿ ಅಭ್ಯಾಸ ಇರುವವರು, ಜಾನಪದ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹುಣಸೂರು ಹೈದ

ಟೀಚರ್, ಮೊದಲು ಕಥೆ ಶುರು ಮಾಡುವ ಸಾಲು ಇಟ್ಟುಕೊಳ್ಳಿ. ನಾವು "ಒಂದಾನೊಂದು ಊರಿನಲ್ಲಿ" ಅನ್ನುತ್ತೀವಲ್ಲ, ಕೊರಿಯಾದವರು "ಹುಲಿಗಳು ತಂಬಾಕು ಸೇದುತ್ತಿದ್ದ ಕಾಲದಲ್ಲಿ" ಅಂತ ಶುರು ಮಾಡುತ್ತಾರೆ. ಅಲ್ಲಿನ ಹಳೇ ಚಿತ್ರಗಳಲ್ಲಿ ಹುಲಿ ಗತ್ತಿನಿಂದ ಕೂತು ಉದ್ದನೆಯ ಕೊಳವೆ ಸೇದುತ್ತಿರುತ್ತದೆ, ಮೊಲ ಅದನ್ನು ಹಿಡಿದುಕೊಂಡು ಸೇವೆ ಮಾಡುತ್ತಿರುತ್ತದೆ. ನಮ್ಮ ಕಡೆ ಮಕ್ಕಳಿಗಂತೂ ಇದಕ್ಕೆ ವಿವರಣೆಯೇ ಬೇಡ. ಒಂದು ಕಡೆ ನಾಗರಹೊಳೆ ಹುಲಿ, ಇನ್ನೊಂದು ಕಡೆ ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ ಮನೆ. ಎರಡೂ ನಮ್ಮ ಮನೆ ಹಿತ್ತಲಲ್ಲೇ ಇವೆ.

ಇದರಲ್ಲಿ ಒಂದು ಮಜಾ ಇದೆ. ಕೊರಿಯಾಕ್ಕೆ ತಂಬಾಕು ಬಂದದ್ದೇ 17ನೇ ಶತಮಾನದ ಶುರುವಿನಲ್ಲಿ. ಅಂದರೆ "ತುಂಬಾ ತುಂಬಾ ಹಿಂದೆ" ಅಂತ ಹೇಳುವ ಸಾಲು ಅಷ್ಟೇನೂ ಹಿಂದಿನದಲ್ಲ. ಆ ಕಾಲದ ಯಾವುದೋ ಅಜ್ಜಿ ಹೊಸದಾಗಿ ಬಂದ ಚಟವನ್ನು ಎತ್ತಿ ಹುಲಿ ಬಾಯಿಗೆ ಇಟ್ಟಿದ್ದಾಳೆ. ಬದಲಾಯಿಸಬಹುದಾ ಅಂತ ಕೇಳುತ್ತೀರಲ್ಲ, ಅವರು ಯಾವಾಗಲೋ ಬದಲಾಯಿಸಿ ಕೂತಿದ್ದಾರೆ. ಹಾಗಂತ ಹುಲಿ ಕೈಗೆ ಮೊಬೈಲು ಕೊಡಬೇಡಿ. ಮಕ್ಕಳು ಒಂದು ಸಲ ನಗುತ್ತಾರೆ, ಆಮೇಲೆ ಆ ಹುಲಿಗೆ ಹೆದರುವುದಿಲ್ಲ.

ತಾಯಿಯನ್ನು ತಿನ್ನುವುದನ್ನು ಬಿಡಬೇಡಿ ಅನ್ನುತ್ತೇನೆ ನಾನು. ಕಾಡಂಚಿನ ಊರುಗಳ ಮಕ್ಕಳಿಗೆ ಹುಲಿ ಮನುಷ್ಯರನ್ನು ಹಿಡಿಯುತ್ತದೆ ಅನ್ನುವುದು ಹೊಸ ಸುದ್ದಿಯೇನಲ್ಲ. ಕೈ, ಕಾಲು ಕೇಳುವುದು ಬೇಡ ಅನಿಸಿದರೆ ಬಿಡಿ, ಅದಿಲ್ಲದ ಪಾಠವೂ ಇದೆ. ಆದರೆ ಪ್ರತಿ ಗುಡ್ಡದಲ್ಲೂ "ಒಂದು ಕಡುಬು ಕೊಟ್ಟರೆ ತಿನ್ನುವುದಿಲ್ಲ" ಅನ್ನುವ ಮಾತನ್ನು ಒಂದಕ್ಷರ ಬದಲಿಸದೆ ಹೇಳಿ. ಎರಡನೇ ಗುಡ್ಡದ ಹೊತ್ತಿಗೆ ಮಕ್ಕಳೇ ನಿಮ್ಮ ಜೊತೆ ಹೇಳಲು ಶುರು ಮಾಡುತ್ತಾರೆ. ಬುಟ್ಟಿ ಖಾಲಿ ಆಗುವುದು ಅವರಿಗೆ ಗೊತ್ತಾಗುತ್ತಾ ಹೋಗುತ್ತದೆ. ಕೊನೇ ಗುಡ್ಡದಲ್ಲಿ ನೀವು ಮಾತು ನಿಲ್ಲಿಸಿ, ನೇರ ಮನೆ ಬಾಗಿಲಿಗೆ ಬನ್ನಿ. ರಕ್ತದ ಮಾತೇ ಎತ್ತಬೇಕಾಗಿಲ್ಲ.

ಆಮೇಲೆ ಬರುವುದೆಲ್ಲ ಮಕ್ಕಳ ಜಾಣತನ. ಕೈ ತೋರಿಸು ಅಂದಾಗ ಹುಲಿ ಹಿಟ್ಟು ಬಳಿದುಕೊಂಡು ಕೈ ಚಾಚುತ್ತದೆ. ಮಕ್ಕಳು ಬಾವಿ ಪಕ್ಕದ ಮರ ಹತ್ತುತ್ತಾರೆ, ಹುಲಿ ನೀರಿನಲ್ಲಿ ಅವರ ನೆರಳು ನೋಡುತ್ತದೆ. ಹೇಗೆ ಹತ್ತಿದಿರಿ ಅಂದರೆ ಅಣ್ಣ "ಎಳ್ಳೆಣ್ಣೆ ಹಚ್ಚಿಕೊಂಡು" ಅಂತ ಬುರುಡೆ ಬಿಡುತ್ತಾನೆ. ಹುಲಿ ಜಾರಿ ಜಾರಿ ಬೀಳುತ್ತದೆ. ಪಾಪದ ತಂಗಿ "ಕೊಡಲಿಯಿಂದ ಮೆಟ್ಟಿಲು ಕಡಿದರೆ ಆಯ್ತು" ಅಂತ ನಿಜ ಹೇಳಿಬಿಡುತ್ತಾಳೆ. ಇಲ್ಲಿ ನಿಮ್ಮ ಲೈಬ್ರರಿಯ ಎಲ್ಲ ಅಣ್ಣಂದಿರೂ ತಂಗಿಯರ ಕಡೆ ತಿರುಗಿ ನೋಡದಿದ್ದರೆ ಕೇಳಿ. ಆಕಾಶದಿಂದ ಮಕ್ಕಳಿಗೆ ಗಟ್ಟಿ ಹಗ್ಗ, ಹುಲಿಗೆ ಕೊಳೆತ ಹಗ್ಗ. ಅದು ಬಿದ್ದದ್ದು ಜೋಳದ ಹೊಲದಲ್ಲಿ, ಅದಕ್ಕೇ ಜೋಳದ ದಂಟು ಕೆಂಪು ಅನ್ನುತ್ತಾರೆ. ತಂಗಿ ಮೊದಲು ಚಂದ್ರ ಆದಳಂತೆ, ರಾತ್ರಿ ಭಯ ಅಂತ ಅಣ್ಣನ ಜೊತೆ ಕೆಲಸ ಬದಲಾಯಿಸಿಕೊಂಡು ಸೂರ್ಯ ಆದಳು. ಜನ ತನ್ನನ್ನೇ ದಿಟ್ಟಿಸಿ ನೋಡುತ್ತಾರೆ ಅಂತ ನಾಚಿ ಕಣ್ಣು ಕುಕ್ಕುವ ಹಾಗೆ ಉರಿಯಲು ಶುರು ಮಾಡಿದಳು. ಇಷ್ಟು ಚೆನ್ನಾಗಿರುವ ಕೊನೆಯನ್ನು ಯಾರು ತಾನೇ ಬದಲಾಯಿಸುತ್ತಾರೆ?

ಚಿಕ್ಕವರು ಜಾಸ್ತಿ ಇರುವ ದಿನ ಇದರ ಬದಲು ಹುಲಿ ಮತ್ತು ಒಣಹಣ್ಣಿನ ಕಥೆ ಹೇಳಿ. ರಾತ್ರಿ ಹುಲಿ ಒಂದು ಮನೆ ಹತ್ತಿರ ಹೊಂಚು ಹಾಕಿದೆ. ಒಳಗೆ ಮಗು ಅಳುತ್ತಿದೆ. ತಾಯಿ "ನೋಡು, ಹುಲಿ ಬಂತು" ಅಂದರೂ ಅಳು ನಿಲ್ಲಲ್ಲ. "ತಗೋ ಪರ್ಸಿಮನ್" ಅಂದ ತಕ್ಷಣ ಗಪ್‌ಚುಪ್. ತನಗಿಂತ ದೊಡ್ಡ ರಾಕ್ಷಸ ಯಾರೋ ಒಳಗಿದ್ದಾನೆ ಅಂತ ಹುಲಿ ನಡುಗುತ್ತಿರುವಾಗ, ಹಸು ಕದಿಯಲು ಬಂದ ಕಳ್ಳ ಕತ್ತಲಲ್ಲಿ ಗೊತ್ತಾಗದೆ ಅದರ ಬೆನ್ನ ಮೇಲೇ ಕೂರುತ್ತಾನೆ. ಬಂದೇಬಿಟ್ಟ ಆ ಪರ್ಸಿಮನ್ ಅಂತ ಹುಲಿ ಓಟ ಕೀಳುತ್ತದೆ. ಆ ಹಣ್ಣನ್ನು ನಮ್ಮ ಮಕ್ಕಳು ನೋಡಿರುವುದಿಲ್ಲ. ನೋಡಿಲ್ಲದಿರುವುದೇ ಒಳ್ಳೆಯದು, ಹುಲಿಯೂ ನೋಡಿರಲಿಲ್ಲ.

ಮಾದಪ್ಪನ ಬೆಟ್ಟಕ್ಕೆ ಮಾತ್ರ ಬೇಡ ಟೀಚರ್. ಅಲ್ಲಿ ಹುಲಿ ದೇವರ ವಾಹನ. ಮಾದಪ್ಪನ ಹುಲಿ ಕೂಲಿ ಹೆಂಗಸನ್ನು ಅಡ್ಡಗಟ್ಟಿತು ಅಂದರೆ ನಿಮ್ಮ ಅಜ್ಜಿಯರು ಎದ್ದು ಹೋಗುತ್ತಾರೆ.

ಗಂಗೋತ್ರಿ ಹುಡುಗಿ

ಹುಣಸೂರು ಅಣ್ಣನ ಕೊನೇ ಮಾತಿಗೆ ಒಂದು ಸೇರಿಸುತ್ತೇನೆ. ಕೊರಿಯಾದಲ್ಲೂ ಹಾಗೇ ಇದೆ. ಅವರ ಬೆಟ್ಟದ ದೇವರ ಚಿತ್ರ ನೋಡಿದರೆ ಬಿಳಿ ಗಡ್ಡದ ಮುದುಕ ಕೂತಿರುತ್ತಾನೆ, ಪಕ್ಕದಲ್ಲಿ ಸಾಕಿದ ಬೆಕ್ಕಿನ ಹಾಗೆ ಹುಲಿ. ಬೌದ್ಧ ದೇವಸ್ಥಾನಗಳಲ್ಲೂ ಆ ದೇವರಿಗೆ ಒಂದು ಗುಡಿ ಇರುತ್ತದೆ. ಹಾಗಾಗಿ ಹುಲಿಯನ್ನು ಇಲ್ಲಿಗೆ ತರಬೇಡಿ, ಆದರೆ ಎರಡು ಬೆಟ್ಟಕ್ಕೂ ಎರಡು ಹುಲಿ ಇವೆ ಅಂತ ಮಕ್ಕಳಿಗೆ ಹೇಳಿ. ಪುಣ್ಯಕೋಟಿ ಕಥೆಯಲ್ಲಿ ನಾಚಿಕೆಯಿಂದ ಪ್ರಾಣ ಬಿಡುವ ಹುಲಿ ಅವರಿಗೆ ಗೊತ್ತೇ ಇದೆ. ಕೊರಿಯಾದ ಹುಲಿಗೆ ನಾಚಿಕೆ ಅನ್ನುವುದು ಕಮ್ಮಿ.

ನಾನು ಮಾನಸಗಂಗೋತ್ರಿಯಲ್ಲಿ ಜಾನಪದ ಎಂಎ ಓದುತ್ತಿದ್ದೇನೆ. "ಮೂಲ ಕಥೆ ಕೆಡಿಸಬಾರದು" ಅನ್ನುವ ಭಯ ಬಿಡಿ ಮೇಡಂ. ಬಾಯಿಂದ ಬಾಯಿಗೆ ಬಂದ ಕಥೆಗೆ ಮೂಲ ಅಂತ ಒಂದು ಇರಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಕೋತಿಯ ಹೃದಯ ಬೇಕು ಅಂತ ಮೊಸಳೆ ಹೆಂಡತಿ ಹಟ ಹಿಡಿದ ಕಥೆ ಯಾರಿಗೆ ಗೊತ್ತಿಲ್ಲ? ಅದು ಜಾತಕ ಕಥೆಗಳಲ್ಲೂ ಇದೆ. ಬೌದ್ಧ ಧರ್ಮದ ಜೊತೆ ಪೂರ್ವಕ್ಕೆ ಹೋಗಿ ಕೊರಿಯಾದಲ್ಲಿ ಕೋತಿ ಮೊಲ ಆಯಿತು, ಹೃದಯ ಲಿವರ್ ಆಯಿತು, ಮೊಸಳೆ ಆಮೆ ಆಯಿತು. ಕಾಯಿಲೆ ಬಿದ್ದ ಸಮುದ್ರದ ರಾಜನಿಗೆ ಮೊಲದ ಲಿವರೇ ಔಷಧಿ. ಮೊಲ "ಅಯ್ಯೋ, ಅದನ್ನು ತೊಳೆದು ದಡದ ಮೇಲೆ ಒಣಗಲು ಹಾಕಿ ಬಂದೆನಲ್ಲ" ಅಂತ ತಪ್ಪಿಸಿಕೊಳ್ಳುತ್ತದೆ. 1145ರಲ್ಲಿ ಬರೆದ ಸಾಮ್ಗುಕ್ ಸಾಗಿ ಅನ್ನುವ ಅವರ ಇತಿಹಾಸದ ಗ್ರಂಥದಲ್ಲೇ ಇದು ಬರುತ್ತದೆ, ಅಲ್ಲಿ ಕಾಯಿಲೆ ರಾಜನ ಮಗಳಿಗೆ. 642ರಲ್ಲಿ ಸಿಲ್ಲಾ ರಾಜ್ಯದ ಕಿಮ್ ಚುನ್‌ಚು ಸಹಾಯ ಕೇಳಲು ಪಕ್ಕದ ಕೊಗುರ್ಯೊ ರಾಜ್ಯಕ್ಕೆ ಹೋಗಿ ಸೆರೆಯಾಗುತ್ತಾನೆ. ಅಲ್ಲಿನ ಒಬ್ಬ ಅಧಿಕಾರಿ ಅವನಿಗೆ ಈ ಕಥೆ ಹೇಳುತ್ತಾನೆ. ಅವನಿಗೆ ಸೂಚನೆ ಅರ್ಥವಾಗುತ್ತದೆ. ನೀವು ಕೇಳಿದ ಪ್ರದೇಶ ಕೊಡಿಸುತ್ತೇನೆ, ಊರಿಗೆ ಹೋಗಿ ಮಾತಾಡಬೇಕು ಅಂತ ನಂಬಿಸಿ ಪಾರಾಗುತ್ತಾನೆ. ಆಗಲೇ ಹೀಗೆ, ಬೇಕಾದ ಹೊತ್ತಿಗೆ ಬೇಕಾದ ಹಾಗೆ ಹೇಳುತ್ತಿದ್ದರು.

ಅದೇ ಮೊಲದ ಕಥೆ ಈಗ ಪಾನ್ಸೊರಿಯಲ್ಲೂ ಇದೆ. ಪಾನ್ಸೊರಿ ಅಂದರೆ ಒಬ್ಬರು ಕೈಯಲ್ಲಿ ಬೀಸಣಿಗೆ ಹಿಡಿದು ನಿಂತು ಹಾಡುತ್ತಾ, ಮಾತಾಡುತ್ತಾ ಕಥೆ ಹೇಳುವುದು, ಪಕ್ಕದಲ್ಲಿ ಒಬ್ಬರು ಡೋಲು ಬಾರಿಸುವುದು. ಡೋಲಿನವರೂ ಕೂತ ಜನರೂ ನಡುನಡುವೆ "ಭಲೇ" ಅನ್ನುವ ಹಾಗೆ ಕೂಗುತ್ತಿರಬೇಕು, ಇಲ್ಲದಿದ್ದರೆ ಹಾಡುವವರಿಗೆ ಹುರುಪು ಬರಲ್ಲ. ಮೊದಲು ಹನ್ನೆರಡು ಕಥೆ ಇದ್ದವು, ಈಗ ಉಳಿದಿರುವುದು ಐದು. 2003ರಲ್ಲಿ ಯುನೆಸ್ಕೋ ಇದಕ್ಕೆ ಮನ್ನಣೆ ಕೊಟ್ಟಿತು. ನೀವು ಕೇಳಿದ ಶಿಮ್ ಚಂಗ್ ಆ ಐದರಲ್ಲಿ ಒಂದು.

ಶಿಮ್ ಚಂಗ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಉದ್ದ ಇದೆ, ಕ್ಷಮಿಸಿ. ಈ ಕಥೆ ಹೇಳುವ ದಿನ ಅದರ ಜೊತೆಗೇ ಕೆರೆಗೆ ಹಾರ ಹೇಳಿ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರಲ್ಲ, ಬಲಿ ಬೇಕು ಅನ್ನುತ್ತಾರೆ, ಕಿರೀ ಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಎರಡು ಕಥೆಯಲ್ಲೂ ನೀರು, ಎರಡರಲ್ಲೂ ಒಬ್ಬ ಹುಡುಗಿ, ಎರಡರಲ್ಲೂ ಸುತ್ತ ನಿಂತ ದೊಡ್ಡವರ ಲೆಕ್ಕಾಚಾರ. ಆದರೆ ಕೊರಿಯಾದ ಹುಡುಗಿ ವಾಪಸ್ ಬರುತ್ತಾಳೆ. ಭಾಗೀರಥಿ ಬರುವುದಿಲ್ಲ, ದಂಡಿನಿಂದ ಓಡಿ ಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ. ಎರಡನ್ನೂ ಒಂದರ ಹಿಂದೆ ಒಂದು ಹೇಳಿ ಸುಮ್ಮನಿದ್ದುಬಿಡಿ. ಒಳ್ಳೆ ಮಗಳು ಅಂದರೆ ಯಾರು ಅಂತ ನೀವು ಬಾಯಿ ಬಿಡಬೇಕಾಗಿಲ್ಲ, ಒಂಬತ್ತನೇ ಕ್ಲಾಸಿನ ಹುಡುಗಿಯರು ಜಗಳಕ್ಕೇ ನಿಲ್ಲುತ್ತಾರೆ.

ಹೊಸದಾಗಿ ಹೇಳುವುದು ಅಂದರೆ ಕೊನೆ ತಿದ್ದುವುದಲ್ಲ, ಯಾರ ಪಕ್ಕದಲ್ಲಿ ನಿಂತು ಹೇಳುತ್ತೀರಿ ಅನ್ನುವುದು. ಶಿಮ್ ಚಂಗ್ ಹುಟ್ಟಿದ ಕೂಡಲೇ ತಾಯಿ ಸಾಯುತ್ತಾಳೆ. ಕುರುಡು ಅಪ್ಪ ಮಗುವನ್ನು ಎತ್ತಿಕೊಂಡು ಮನೆ ಮನೆಗೆ ಹೋಗಿ ಹಾಲೂಡಿಸಿ ಅಂತ ಬೇಡುತ್ತಾನೆ. ಊರ ತಾಯಂದಿರು ತಮ್ಮ ಮಗುವಿನ ಜೊತೆ ಇವಳಿಗೂ ಕುಡಿಸುತ್ತಾರೆ. ಮಕ್ಕಳ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ನೀವು ಅಲ್ಲಿ ನಿಲ್ಲಿ, ಬೇಕಾದಷ್ಟು ಹೊತ್ತು ನಿಲ್ಲಿ. ಅಪ್ಪ ಕೆಟ್ಟವನಲ್ಲ, ಬರೀ ಆಸೆಬುರುಕ, ದುಡುಕ ಅಂತ ಆಗ ಮಕ್ಕಳಿಗೆ ಗೊತ್ತಾಗುತ್ತದೆ. ಕೊನೆಯಲ್ಲಿ ರಾಣಿ ಆದ ಮಗಳು ರಾಜ್ಯದ ಕುರುಡರಿಗೆಲ್ಲ ಊಟ ಹಾಕಿಸುತ್ತಾಳೆ. ಅಪ್ಪ ಅವಳ ದನಿ ಕೇಳಿ, ಎಲ್ಲಿ ನನ್ನ ಮಗಳು, ನೋಡೋಣ ಅಂತ ಕಣ್ಣು ಹೊಸಕಿಕೊಳ್ಳುತ್ತಾನೆ, ಕಣ್ಣು ತೆರೆಯುತ್ತದೆ. 300 ಮೂಟೆ ಅಕ್ಕಿ ಏನೂ ಮಾಡಲಿಲ್ಲ ನೋಡಿ. ಪಾನ್ಸೊರಿಯಲ್ಲಿ ಅಲ್ಲಿ ಕೂತ ಕುರುಡರಿಗೆಲ್ಲ ಅವನ ಜೊತೆಗೇ ಕಣ್ಣು ಬರುತ್ತದೆ, ಜನ ಅತ್ತು ನಗುವುದು ಅಲ್ಲೇ.

ಕಬ್ಬಿನ ಗದ್ದೆ

ಬೇಜಾರು ಮಾಡ್ಕೋಬೇಡಿ ಮೇಡಂ, ನೇರ ಕೇಳುತ್ತೇನೆ. ನಮ್ಮ ಮಕ್ಕಳಿಗೆ ಮಂಟೇಸ್ವಾಮಿ ಕಥೆ ಗೊತ್ತಾ? ರಾಚಪ್ಪಾಜಿ, ಸಿದ್ದಪ್ಪಾಜಿ ಯಾರು ಅಂತ ಗೊತ್ತಾ? ಬೊಪ್ಪೇಗೌಡನಪುರ ನಮ್ಮ ಜಿಲ್ಲೆಯಲ್ಲೇ ಇದೆ, ಮಳವಳ್ಳಿ ತಾಲ್ಲೂಕು. ನಾವು ಚಿಕ್ಕವರಿದ್ದಾಗ ಆ ಕಥೆ ಹಾಡುವ ನೀಲಗಾರರು ಮನೆ ಮುಂದೆ ತಂಬೂರಿ ಮೀಟುತ್ತಾ ಕೂತರೆ ಬೆಳಗಿನ ಜಾವದ ತನಕ ಎದ್ದು ಹೋಗುತ್ತಿರಲಿಲ್ಲ. ಈಗ ಅವರನ್ನು ಕರೆಯುವ ಮನೆಯೇ ಕಮ್ಮಿ. ಇದನ್ನು ಬಿಟ್ಟು ಸಮುದ್ರದಾಚೆಯ ಮೊಲದ ಲಿವರ್ ಕಥೆ ಯಾಕೆ? ಸೀರಿಯಲ್ ನೋಡಿ ಮಕ್ಕಳು ಕೇಳಿದ್ದನ್ನೆಲ್ಲ ಕೊಡುತ್ತಾ ಹೋದರೆ ನಾಳೆ ಇನ್ನೊಂದು ದೇಶದ್ದು ಕೇಳುತ್ತಾರೆ.

ಕುವೆಂಪುನಗರದ ಅಮ್ಮ

ಕಬ್ಬಿನ ಗದ್ದೆಯವರೇ, ಕೇಳುವ ಮಕ್ಕಳು ಸಿಗುವುದೇ ಕಷ್ಟ ಇರುವಾಗ ಅವರಾಗೇ ಕಥೆ ಕೇಳುತ್ತೇವೆ ಅಂದರೆ ಬೇಡ ಅನ್ನಬಾರದು ಅಲ್ವಾ? ಮೊದಲು ಕೂರಲಿ. ಕೂತ ಮೇಲೆ ನಿಮ್ಮ ಸಿದ್ದಪ್ಪಾಜಿ ಕಥೆಯನ್ನೂ ಕೇಳುತ್ತಾರೆ.

ಟೀಚರ್, ನಾನು ದಿನಾ ರಾತ್ರಿ ಇಬ್ಬರು ಮಕ್ಕಳಿಗೆ ಕಥೆ ಹೇಳುವವಳು, ಓದಿ ತಿಳಿದವಳಲ್ಲ. ಆ ಸೌದೆ ಕಡಿಯುವವನ ಕಥೆ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಕಳ್ಳತನ ಅಲ್ವಾ, ಇದನ್ನು ಮಕ್ಕಳಿಗೆ ಯಾಕೆ ಹೇಳಬೇಕು ಅಂತ ಈಗ ಕೊರಿಯಾದವರೇ ಕೇಳುತ್ತಿದ್ದಾರೆ. ಆದರೆ ಕಥೆ ಪೂರ್ತಿ ಓದಿದರೆ ಅದು ಅವನನ್ನು ಸುಮ್ನೆ ಬಿಟ್ಟಿಲ್ಲ. ಮಕ್ಕಳು ಮೂರು ನಾಲ್ಕು ಆಗುವ ತನಕ ಬಟ್ಟೆ ತೋರಿಸಬೇಡ ಅಂತ ಜಿಂಕೆ ಹೇಳಿರುತ್ತದೆ. ಎರಡೇ ಆದರೆ ಕಂಕುಳಲ್ಲಿ ಒಂದೊಂದು ಎತ್ತಿಕೊಂಡು ಹಾರಿಬಿಡುತ್ತಾಳೆ ಅಂತ. ಈ ಲೆಕ್ಕ ನೋಡಿ, ಎಷ್ಟು ವರ್ಷದಿಂದ ಅವಳು ಹಾರುವುದನ್ನೇ ಯೋಚಿಸುತ್ತಿದ್ದಾಳೆ ಅಂತ ಆ ಒಂದು ಮಾತೇ ಹೇಳುತ್ತದೆ. ಅವನು ಕರಗಿ ಮೊದಲೇ ತೋರಿಸುತ್ತಾನೆ, ಅವಳು ಮಕ್ಕಳ ಸಮೇತ ಹೊರಟೇಹೋಗುತ್ತಾಳೆ. ಆಮೇಲೆ ಅವನು ಬಾವಿಗೆ ಬಿಟ್ಟ ಹಾಗೆ ಆಕಾಶದಿಂದ ಇಳಿದ ಬಕೆಟ್ಟಿನಲ್ಲಿ ಕೂತು ಮೇಲೆ ಹೋಗುವ ಪಾಠ ಇದೆ. ತಾಯಿಯನ್ನು ನೋಡಲು ಹಾರುವ ಕುದುರೆ ಮೇಲೆ ಕೆಳಗೆ ಬರುತ್ತಾನೆ, ಇಳಿಯಬಾರದು ಅನ್ನುವ ಷರತ್ತು. ತಾಯಿ ಕೊಟ್ಟ ಬಿಸಿ ಗಂಜಿ ಕುದುರೆ ಮೇಲೆ ಚೆಲ್ಲಿ, ಕುದುರೆ ಹಾರಿ, ಇವನು ಬಿದ್ದು, ಕೊನೆಗೆ ಹುಂಜ ಆಗಿ ಆಕಾಶ ನೋಡಿ ಕೂಗುತ್ತಾನೆ.

ನಾನು ಏನೂ ಬದಲಿಸಲ್ಲ, ಕೊಳದ ಹತ್ತಿರ ಅವನ ಬದಲು ಅವಳ ಜೊತೆ ಕಥೆ ಶುರು ಮಾಡುತ್ತೇನೆ ಅಷ್ಟೇ. ಸ್ನಾನ ಮುಗಿಸಿ ಬರುತ್ತಾಳೆ, ಅಕ್ಕಂದಿರೆಲ್ಲ ಬಟ್ಟೆ ಹಾಕಿಕೊಂಡು ಹಾರುತ್ತಿದ್ದಾರೆ, ಇವಳದ್ದು ಕಾಣುತ್ತಿಲ್ಲ. ನನ್ನ ಮಗ ಮೊದಲ ಸಲ ಕೇಳಿದಾಗ "ಜಿಂಕೆ ಯಾಕೆ ಹೇಳಿಕೊಡ್ತು? ಅದು ಕೆಟ್ಟ ಜಿಂಕೆ" ಅಂದ. ನಾನು ಉತ್ತರ ಕೊಡಲಿಲ್ಲ, ನಿಜಕ್ಕೂ ಕೆಟ್ಟ ಜಿಂಕೆಯೇ.

ಇನ್ನೊಂದು, ಹುಂಗ್‌ಬು ನೋಲ್ಬು ಬಿಡಬೇಡಿ. ಬಡ ತಮ್ಮ ಕಾಲು ಮುರಿದ ಕವಲುತೋಕೆ ಹಕ್ಕಿಗೆ ಪಟ್ಟಿ ಕಟ್ಟುತ್ತಾನೆ, ಅದು ಮುಂದಿನ ವಸಂತದಲ್ಲಿ ಸೋರೆ ಬೀಜ ತಂದು ಕೊಡುತ್ತದೆ, ಸೋರೆಕಾಯಿ ಕೊಯ್ದರೆ ಒಳಗೆ ಅಕ್ಕಿ, ಒಡವೆ, ಮನೆ ಕಟ್ಟುವ ಬಡಗಿಗಳು. ಆಸೆಬುರುಕ ಅಣ್ಣ ತಾನೇ ಹಕ್ಕಿಯ ಕಾಲು ಮುರಿದು ಪಟ್ಟಿ ಕಟ್ಟುತ್ತಾನೆ, ಅವನ ಕಾಯಿಯಿಂದ ಸಾಲಗಾರರೂ ಭೂತಗಳೂ ಹೊರಗೆ ಬರುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ನೋಲ್ಬು ಕಡೆ ನಿಂತು ವಾದ ಮಾಡಿದರು. ದುಡಿಮೆ ಗೊತ್ತಿಲ್ಲದೆ ಅಷ್ಟೊಂದು ಮಕ್ಕಳನ್ನು ಮಾಡಿಕೊಂಡ ತಮ್ಮನದೇ ತಪ್ಪಂತೆ! ಕೊರಿಯಾದಲ್ಲೂ ಹೀಗೆ ಹೇಳುವವರಿದ್ದಾರೆ, ನೋಲ್ಬು ಹೆಸರಿನ ಹೋಟೆಲ್ ಸರಣಿಯೇ ಇದೆ ಅಲ್ಲಿ. ಹಂಚಿಕೆ ಆಗುವಾಗ ಅಪ್ಪನ ಆಸ್ತಿಯೆಲ್ಲ ಅಣ್ಣನೇ ಇಟ್ಟುಕೊಂಡ ಅನ್ನುವುದನ್ನು ಗಟ್ಟಿಯಾಗಿ ಹೇಳಿ ನೋಡಿ. ಮಂಡ್ಯದಲ್ಲಿ ಜಮೀನು ಭಾಗದ ಮಾತು ಬಂದರೆ ಅಜ್ಜಿಯರೂ ನಿದ್ದೆಯಿಂದ ಏಳುತ್ತಾರೆ.

ಮದ್ದೂರು ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊಬೈಲ್, ಬಸ್ಸು ಕೈಬಿಟ್ಟೆ. ಕಡುಬಿನ ಮಾತನ್ನು ಮನೆಯಲ್ಲಿ ಜೋರಾಗಿ ಹೇಳಿ ನೋಡಿದೆ, ನನ್ನ ಗಂಡ ಅಡುಗೆಮನೆಯಿಂದಲೇ ಜೊತೆ ಸೇರಿಸಿದರು, ಅಲ್ಲಿಗೆ ಅದು ಕೆಲಸ ಮಾಡುತ್ತದೆ ಅಂತಾಯ್ತು. ಆದರೆ ಕುವೆಂಪುನಗರದ ಅಕ್ಕ, ದೇವಕನ್ಯೆಯ ಕಥೆ ಹೇಳುವ ಧೈರ್ಯ ಇನ್ನೂ ಪೂರ್ತಿ ಬಂದಿಲ್ಲ. ನಿಮ್ಮ ಮಗನ ಹಾಗೆ ಕೇಳಿದರೆ ಸರಿ, ಹಿಂದಿನ ಸಾಲಿನ ಹುಡುಗರು ಕೊಳದ ವಿಷಯಕ್ಕೆ ಕಿಸಿಕಿಸಿ ನಕ್ಕರೆ ಕಥೆ ಅಲ್ಲೇ ಸತ್ತ ಹಾಗೆ. ಅದನ್ನು ಹುಡುಗಿಯರು ಮಾತ್ರ ಇರುವ ದಿನಕ್ಕೆ ಇಟ್ಟುಕೊಳ್ಳುತ್ತೇನೆ.

ಕಬ್ಬಿನ ಗದ್ದೆ ಸರ್, ನಿಮ್ಮ ಮಾತು ನಿಜವೇ. ಕೊನೇ ದಿನಕ್ಕೆ ಯಾವ ಕಥೆ ಅಂತ ಇನ್ನೂ ಗೊತ್ತಾಗಿಲ್ಲ, ದೊಡ್ಡದು ಒಂದು ಬೇಕು. ಊರವರೂ ಬರುತ್ತಾರೆ ಅಂತ ಲೈಬ್ರರಿಯವರು ಹೇಳುತ್ತಿದ್ದಾರೆ.

ಹುಣಸೂರು ಹೈದ

ದೆವ್ವದ ಕಥೆ ಹಾಕಿ ಟೀಚರ್, ಜನ ತಾನಾಗೇ ಬರುತ್ತಾರೆ. ಜಾಂಗ್‌ಹ್ವಾ, ಹೊಂಗ್‌ರ್ಯೊನ್ ಅಂತ ಅಕ್ಕ ತಂಗಿ. ಮಲತಾಯಿಯ ಸುಳ್ಳಿನಿಂದ ಅಕ್ಕನನ್ನು ಕೆರೆಯಲ್ಲಿ ಮುಳುಗಿಸುತ್ತಾರೆ, ತಂಗಿಯೂ ಅಲ್ಲೇ ಹೋಗಿ ಬೀಳುತ್ತಾಳೆ. ಆಮೇಲೆ ಆ ಊರಿಗೆ ಹೊಸ ಅಧಿಕಾರಿ ಬಂದ ರಾತ್ರಿಯೆಲ್ಲ ದೆವ್ವ ಬರುತ್ತದೆ, ಅಧಿಕಾರಿ ಹೆದರಿ ಸಾಯುತ್ತಾನೆ. ಮುಂದಿನವನೂ ಅಷ್ಟೇ. ಅವು ಬಂದದ್ದು ಸೇಡಿಗಲ್ಲ, ಅರ್ಜಿ ಕೊಡಲು! ಕೊನೆಗೆ ಗಟ್ಟಿ ಗುಂಡಿಗೆಯವನೊಬ್ಬ ಬಂದು ಕೂತು ಅಹವಾಲು ಕೇಳುತ್ತಾನೆ, ಕೇಸು ಬಗೆಹರಿಯುತ್ತದೆ. ತಾಲ್ಲೂಕು ಕಚೇರಿಗೆ ಅಲೆದ ಯಾರಿಗೂ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಗಂಗೋತ್ರಿ ಹುಡುಗಿ

ಅದು ಚೆನ್ನಾಗಿದೆ, ಆದರೆ ಕೊನೇ ದಿನಕ್ಕೆ ನಾನು ರಾಜಕುಮಾರಿ ಬಾರಿಯ ಕಥೆ ಹೇಳಿ ಅನ್ನುತ್ತೇನೆ. ರಾಜನಿಗೆ ಆರು ಹೆಣ್ಣು. ಏಳನೆಯದೂ ಹೆಣ್ಣಾದಾಗ ಪೆಟ್ಟಿಗೆಯಲ್ಲಿಟ್ಟು ನೀರಿಗೆ ಬಿಡುತ್ತಾರೆ. ಎಷ್ಟೋ ವರ್ಷದ ಮೇಲೆ ರಾಜ, ರಾಣಿ ಇಬ್ಬರೂ ಕಾಯಿಲೆ ಬೀಳುತ್ತಾರೆ. ಪರಲೋಕದಿಂದ ಜೀವಜಲ ತಂದರೆ ಮಾತ್ರ ಬದುಕುತ್ತಾರೆ. ಅರಮನೆಯಲ್ಲಿ ಬೆಳೆದ ಆರೂ ಜನ ಒಂದೊಂದು ನೆಪ ಹೇಳುತ್ತಾರೆ. ಬಿಸಾಡಿದ ಮಗಳು ಹೊರಡುತ್ತಾಳೆ. ಅಲ್ಲಿ ನೀರು ಕಾಯುವವನಿಗೆ ಮೂರು ವರ್ಷ ನೀರು ಹೊತ್ತು, ಮೂರು ವರ್ಷ ಬೆಂಕಿ ನೋಡಿಕೊಂಡು, ಮೂರು ವರ್ಷ ಸೌದೆ ಕಡಿದು, ಅವನಿಗೆ ಏಳು ಗಂಡುಮಕ್ಕಳನ್ನು ಹೆತ್ತು, ನೀರು ತಗೊಂಡು ಬರುತ್ತಾಳೆ. ಬರುವ ಹೊತ್ತಿಗೆ ಅಪ್ಪ ಅಮ್ಮನ ಶವ ಹೊತ್ತು ಮೆರವಣಿಗೆ ಹೊರಟಿರುತ್ತದೆ, ನಿಲ್ಲಿಸಿ ಬದುಕಿಸುತ್ತಾಳೆ. ಅರ್ಧ ರಾಜ್ಯ ಕೊಡುತ್ತೇನೆ ಅಂದರೆ ಬೇಡ ಅನ್ನುತ್ತಾಳೆ. ಸತ್ತವರಿಗೆ ದಾರಿ ತೋರಿಸುವ ಕೆಲಸ ತನ್ನದು ಅಂತ ಹೊರಟುಹೋಗುತ್ತಾಳೆ. ಅಲ್ಲಿ ಸಾವಿನ ಮನೆಯ ವಿಧಿಯಲ್ಲಿ ಮುದಾಂಗ್ ಅನ್ನುವ ಪೂಜಾರಿಣಿಯರು ಇದನ್ನು ಹಾಡುತ್ತಾರೆ. ಊರಿಂದ ಊರಿಗೆ ಬೇರೆ ಬೇರೆ ಪಾಠ.

2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಅಂತ ಸ್ಕ್ಯಾನ್ ಮಾಡುತ್ತಿದ್ದದ್ದು ಸಿಕ್ಕಿಬಿತ್ತಲ್ಲ. ಅದರ ಹೆಸರು ಎತ್ತಬೇಡಿ ಮೇಡಂ. ಬರೀ ಪೆಟ್ಟಿಗೆ ನೀರಿಗೆ ಬಿಡುವುದನ್ನು ನಿಧಾನಕ್ಕೆ ಹೇಳಿ. ಕೂತವರಲ್ಲಿ ಯಾರಿಗೆ ತಟ್ಟಬೇ­ಕೋ ಅವರಿಗೆ ತಟ್ಟುತ್ತದೆ.

ಕಥೆ ಹೇಳಿ ಆದ ಮೇಲೆ "ಇದರಿಂದ ಏನು ಕಲಿತಿರಿ ಮಕ್ಕಳೇ" ಅಂತ ಮಾತ್ರ ಕೇಳಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಕಬ್ಬಿನ ಗದ್ದೆ

ಈ ರಾಜಕುಮಾರಿ ಬಾರಿಯ ಕಥೆ ನನಗೆ ಒಪ್ಪಿಗೆ. ಇದು ಹಾಡುವ ಕಥೆ ಅಂತೀರಿ, ಓದಿ ಹೇಳಿದರೆ ಸಪ್ಪೆ ಆಗುತ್ತದೆ. ಮಳವಳ್ಳಿ ಕಡೆ ಒಬ್ಬ ನೀಲಗಾರರು ನನಗೆ ಪರಿಚಯ, ವಯಸ್ಸಾಗಿದೆ, ಗಂಟಲು ಇನ್ನೂ ಗಟ್ಟಿ ಇದೆ. ಅವರು ಮೊದಲು ಸಿದ್ದಪ್ಪಾಜಿ ಕಥೆಯಲ್ಲಿ ಒಂದು ಭಾಗ ಹಾಡಲಿ, ಆಮೇಲೆ ಟೀಚರ್ ಬಾರಿ ಕಥೆ ಹೇಳಲಿ. ನಡುವೆ ತಂಬೂರಿ ಮೀಟಿ ಅಂದರೆ ಮೀಟುತ್ತಾರೆ, ಕೇಳಿ ನೋಡುತ್ತೇನೆ. ಅವರ ಜೊತೆ ಸೊಲ್ಲು ಕೊಡುವ ಇನ್ನಿಬ್ಬರೂ ಬರಬೇಕಾಗುತ್ತದೆ.

ಒಂದೇ ಒಂದು ಮಾತು. ಬರೀ ಶಾಲು ಹೊದಿಸಿ ಕಳಿಸಬೇಡಿ. ಮೂವರಿಗೂ ಬಸ್ ಚಾರ್ಜು, ಊಟ, ಕೈಗೆ ಸ್ವಲ್ಪ ದುಡ್ಡು ಕೊಡಬೇಕು. ಪಂಚಾಯ್ತಿಯಿಂದ ಆಗಲ್ಲ ಅಂದರೆ ಮುಂಚೆಯೇ ಇಲ್ಲಿ ಹೇಳಿ ಮೇಡಂ, ಎಲ್ಲ ಸೇರಿ ಹಾಕೋಣ. ತಾರೀಕು ಯಾವುದು?